ಬೆಕ್ಕು ಬಿಟ್ಟುಹೋದ ಗುಂಡಿ

ಬಳ್ಳಾರಿಯ ತಿಪ್ಪೇಶಪ್ಪನ ಹಾಸಿಗೆ ಅಂಗಡಿಯಲ್ಲಿ ಮೆಮೊರಿ ಫೋಮಿನ ಹಾಸಿಗೆಯೂ ರಬ್ಬರ್ ಫೋಮಿನ ಹಾಸಿಗೆಯೂ ಅಕ್ಕಪಕ್ಕದಲ್ಲಿದ್ದವು. ಗಿರಾಕಿಗಳು ಯಾವುದರ ಮೇಲೂ ಮಲಗಿ ನೋಡುತ್ತಿರಲಿಲ್ಲ, ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಮೆಮೊರಿ ಫೋಮಿನಲ್ಲಿ ಕೈಯ ಅಚ್ಚು ನಿಲ್ಲುವುದನ್ನು ಕಂಡು ಬೆರಗಾಗುತ್ತಿದ್ದರು. ರಬ್ಬರ್ ಫೋಮಿನ ಮೈತುಂಬ ತೂತು ಕಂಡು ಮುಂದೆ ಹೋಗುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ತಿಪ್ಪೇಶಪ್ಪ ಊಟಕ್ಕೆ ಹೋಗಿದ್ದಾಗ ಬೆಕ್ಕೊಂದು ಒಳಗೆ ಬಂತು.

“ಇಲ್ಲಿ ಮಲಗು,” ಎಂದಿತು ಮೆಮೊರಿ ಫೋಮು. “ನನ್ನಷ್ಟು ಚೆನ್ನಾಗಿ ಅಪ್ಪಿಕೊಳ್ಳುವವರು ಇಲ್ಲಿ ಯಾರೂ ಇಲ್ಲ.”

ಬೆಕ್ಕು ಮಲಗಿತು. ಅದರ ಮೈಗೆ ತಕ್ಕ ಗುಂಡಿ ಬಿದ್ದು ಹಿತವೆನಿಸಿತು. ಸ್ವಲ್ಪ ಹೊತ್ತಿಗೆ ಹೊಟ್ಟೆಯಡಿ ಬಿಸಿ ಏರಿ ತಡೆಯಲಾಗದೆ ಪಕ್ಕದ ಹಾಸಿಗೆಗೆ ಜಿಗಿಯಿತು.

“ನಿನ್ನೊಳಗೆ ಒಲೆ ಇದೆಯೇ?” ಎಂದು ಅಲ್ಲಿಂದಲೇ ಕೇಳಿತು.

“ಇಲ್ಲ. ನನ್ನದೆಂಬ ಬಿಸಿಯೇ ನನಗಿಲ್ಲ. ನಿನ್ನದನ್ನೇ ಜೋಪಾನವಾಗಿ ಇಟ್ಟುಕೊಂಡೆ.”

ಬೆಕ್ಕು ತನ್ನ ಕೆಳಗಿದ್ದ ರಬ್ಬರ್ ಫೋಮನ್ನು ಕೇಳಿತು: “ನೀನು ನನ್ನ ಬಿಸಿಯನ್ನು ಏನು ಮಾಡುತ್ತೀಯೆ?”

“ನನ್ನ ತೂತುಗಳಲ್ಲಿ ಗಾಳಿ ಓಡಾಡುತ್ತದೆ. ನಿನ್ನ ಬಿಸಿ ಬರುತ್ತದೆ, ಗಾಳಿಯ ಜೊತೆ ಹೋಗುತ್ತದೆ. ನಾನು ತಡೆಯುವುದಿಲ್ಲ.”

“ಹಾಗಾದರೆ ಆ ಹಾಸಿಗೆಗೆ ಚಳಿಗಾಲದಲ್ಲಿ ಹೋದರಾಯಿತು,” ಎಂದು ಬೆಕ್ಕು ಮೈಚಾಚುವಷ್ಟರಲ್ಲಿ ತಿಪ್ಪೇಶಪ್ಪ ಗಿರಾಕಿ ಹೆಂಗಸೊಬ್ಬಳೊಂದಿಗೆ ಬಂದ. ಬೆಕ್ಕು ಓಡಿತು; ಯಾವ ಹಾಸಿಗೆಯಿಂದ ಎದ್ದಿತೆಂದು ಅವನಿಗೆ ಕಾಣಲಿಲ್ಲ.

ತಿಪ್ಪೇಶಪ್ಪ ಎರಡೂ ಹಾಸಿಗೆಗಳನ್ನು ಮುಟ್ಟಿ ನೋಡಿದ. ರಬ್ಬರ್ ಫೋಮಿನ ಮೇಲೆ ಬೆಕ್ಕಿನ ಗುರುತೇ ಇರಲಿಲ್ಲ. ಮೆಮೊರಿ ಫೋಮಿನ ಗುಂಡಿ ಇನ್ನೂ ಮಾಸಿರಲಿಲ್ಲ, ಬಿಸಿಯೂ ಆರಿರಲಿಲ್ಲ.

“ನೋಡ್ರೀ ಅಕ್ಕ,” ಎಂದ ಗಿರಾಕಿಗೆ, “ಈ ಸೆಕೆಯಲ್ಲೂ ಬೆಕ್ಕು ಹುಡುಕಿಕೊಂಡು ಬಂದು ಮಲಗಿದ್ದು ಇದರ ಮೇಲೇ.”