ನಡುಗಡ್ಡೆಗೆ ಈಜಿ ಬಂದ ದೊರೆ

ಒಂದು ದೊಡ್ಡ ಹೊಳೆ. ಹೊಳೆಯ ಮಧ್ಯೆ ಒಂದು ನಡುಗಡ್ಡೆ. ಅಲ್ಲಿ ಕೆಲವು ಕುಟುಂಬಗಳು ಅಡಗಿಕೊಂಡು ಬದುಕುತ್ತಿದ್ದವು. ಅವರಿಗೆಲ್ಲ ಹಿರಿಯಳು ಭರಮವ್ವ. ಅವಳು ಬೇಡವೆಂದರೆ ಹಗಲಿನಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಹೊಗೆ ಕಂಡು ದಡದಿಂದ ಯಾರಾದರೂ ಹುಡುಕಿಕೊಂಡು ಬಂದಾರು ಎಂಬ ಭಯ.

ಅವರೇನೂ ಹುಟ್ಟುಗಳ್ಳರಲ್ಲ. ಹೊಳೆಯಾಚೆಯ ಊರಿನ ಒಕ್ಕಲಿನವರೇ. ಆ ಊರಿಗೊಬ್ಬ ದೊರೆ ಇದ್ದ. ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯ ಜೋಳದಲ್ಲೂ ಒಂದು ಪಾಲು ದೊರೆಯ ಕಣಜ ಸೇರಬೇಕು. ಮುಂದಿನ ಬಿತ್ತನೆಗೆ ಅದೇ ಬೀಜ. ಮನೆಯಲ್ಲಿ ಕಾಳು ಮುಗಿಸಿಕೊಂಡವರಿಗೂ, ಹುಳ ಹಿಡಿಸಿಕೊಂಡವರಿಗೂ ಬಿತ್ತುವ ಹೊತ್ತಿಗೆ ಆ ಕಣಜದಿಂದಲೇ ಸಿಗುತ್ತಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಹೀಗೇ ನಡೆದಿತ್ತು.

ಒಮ್ಮೆ ಊರಿಗೆ ಒಬ್ಬ ದಾರಿಹೋಕ ಬಂದ. ಭರಮವ್ವನ ಕಟ್ಟೆಯ ಮೇಲೆ ಕುಳಿತು ನೀರು ಕುಡಿದ. ಹೋಗುವಾಗ ಒಂದು ಮಾತು ಬಿಟ್ಟುಹೋದ. “ಈ ಸಲ ಕಣಜದ ಕಾಳು ನಿಮಗ ಸಿಗೂದಿಲ್ಲವ್ವ. ದೊರೆ ಅದನ್ನ ಹೊರಗ ಮಾರಾಕತ್ತಾನ. ನಿಮ್ಮನ್ನ ಬರೇ ದುಡಿಸ್ಕೊಳ್ಳಾಕ ಇಟ್ಕೊಂಡಾನ.”

ಹೇಳಿದವನು ತನ್ನ ದಾರಿ ಹಿಡಿದ. ಮಾತು ಮಾತ್ರ ಅವಳ ತಲೆಯಲ್ಲಿ ಕೂತಿತು. ದೊರೆಯ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ಹೋಗಿ ಕೇಳಬಹುದಿತ್ತು. ಅವಳು ಕೇಳಲಿಲ್ಲ. ತಮ್ಮ ಗುತ್ತೆಪ್ಪನಿಗೆ ಹೇಳಿದಳು, ಅವನು ನೆಂಟರಿಗೆ ಹೇಳಿದ. ಸಿಟ್ಟು ಮನೆಯಿಂದ ಮನೆಗೆ ದಾಟಿತು. ಒಂದು ಸಂಜೆ ಅವರೆಲ್ಲ ಕೂಡಿ ಕಣಜಕ್ಕೆ ಹೋದರು. ಪಂಜು ಎಸೆದ ಕೈ ಭರಮವ್ವನದು.

ಉರಿ ಎದ್ದಾಗ ಊರ ಹಿರಿಯರು ಬಾಯಿ ಬಾಯಿ ಬಡಿದುಕೊಂಡು ಓಡಿ ಬಂದರು. “ನಮ್ಮ ಬೀಜ, ನಮ್ಮ ಬೀಜ” ಎಂದು ಅತ್ತರು. ಕಣಜದಿಂದ ಒಂದು ಕಾಳೂ ಹೊರಗೆ ಹೋಗಿರಲಿಲ್ಲ. ಒಳಗೆ ಎಲ್ಲರ ಮನೆಯ ಕಾಳೂ ಇದ್ದಂತೆಯೇ ಇತ್ತು. ತಾನು ಸುಟ್ಟದ್ದು ದೊರೆಯ ಸಂಪತ್ತನ್ನಲ್ಲ, ತನ್ನವರ ಮುಂದಿನ ವರ್ಷದ ಅನ್ನವನ್ನು ಎಂದು ಭರಮವ್ವನಿಗೆ ಆಗ ತಿಳಿಯಿತು. ತಿಳಿದ ಮೇಲೆ ಅಲ್ಲಿ ನಿಲ್ಲಲು ಅವಳಿಗೆ ಧೈರ್ಯ ಬರಲಿಲ್ಲ. ತನ್ನವರನ್ನು ಕರೆದುಕೊಂಡು ಹೊಳೆಯ ನಡುಗಡ್ಡೆ ಸೇರಿದಳು. ಅವರನ್ನು ಯಾರೂ ಬೆನ್ನು ಹತ್ತಲಿಲ್ಲ. ಆದರೂ ಅವರು ಓಡಿದರು.

ನಡುಗಡ್ಡೆಯ ಬದುಕು ಬದುಕೇ ಅಲ್ಲ. ಮೀನು, ಗೆಡ್ಡೆ, ಸಿಕ್ಕ ಸೊಪ್ಪು ತಿಂದು ಹೊಟ್ಟೆ ಹೊರೆಯಬೇಕು. ಜವುಳು ನೆಲ, ಸೊಳ್ಳೆ. ಮಳೆಗಾಲ ಬಂದರೆ ಚಳಿಜ್ವರ. ಗುತ್ತೆಪ್ಪನ ಹೆಂಡತಿ ಜ್ವರದಲ್ಲೇ ಹೋದಳು. ಉಳಿದವರ ಮೈಯಲ್ಲೂ ಕಸುವಿರಲಿಲ್ಲ. ಊರಿಗೆ ಮರಳುವ ಮಾತನ್ನು ಯಾರಾದರೂ ತೆಗೆದರೆ ಭರಮವ್ವ ಒಂದೇ ಮಾತು ಹೇಳುತ್ತಿದ್ದಳು: “ಹೋದ್ರ ದೊರೆ ಬಿಡೂದಿಲ್ಲ.”

ಅಲ್ಲಿಯ ಮಕ್ಕಳು ಅತ್ತರೆ ತಾಯಂದಿರು “ದೊರೆ ಬಂದ ನೋಡು” ಎಂದು ಹೆದರಿಸುತ್ತಿದ್ದರು. ವರ್ಷ ಕಳೆದಂತೆ ಅವರ ಮಾತಿನಲ್ಲಿ ದೊರೆ ಇನ್ನಷ್ಟು ಕ್ರೂರಿಯಾಗುತ್ತ ಹೋದ. ಭರಮವ್ವ ಅವನನ್ನು ನೋಡಿದ್ದೇ ದೂರದಿಂದ, ಕುದುರೆಯ ಮೇಲೆ, ಮುಂಡಾಸಿನಲ್ಲಿ. ಆ ಮುಖ ಹೇಗಿತ್ತೆಂದು ಈಗ ಅವಳಿಗೆ ನೆನಪಿರಲಿಲ್ಲ. ತನ್ನ ಭಯಕ್ಕೆ ತಕ್ಕಂಥ ಒಂದು ಮುಖವನ್ನು ಅವಳೇ ಮಾಡಿಕೊಂಡಿದ್ದಳು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಮಳೆ ಬಿಡದೆ ಸುರಿಯಿತು. ಹೊಳೆಯ ಮೇಲುಭಾಗದಲ್ಲಿ ಒಂದು ಹಳೆಯ ಕೆರೆ. ಅದರ ಏರಿ ಬಿರಿಯಿತು. ಇನ್ನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದು ಕಾವಲಿನವರು ದೊರೆಗೆ ಸುದ್ದಿ ತಂದರು. ಏರಿ ಒಡೆದರೆ ನಡುಗಡ್ಡೆಯ ಗುರುತೂ ಉಳಿಯುವುದಿಲ್ಲ. ಅಲ್ಲಿ ತನ್ನ ಊರಿನವರು ಅಡಗಿದ್ದಾರೆಂದು ದೊರೆಗೆ ಗೊತ್ತಿತ್ತು.

ದೊರೆ ದಡಕ್ಕೆ ಡಂಗುರದವನನ್ನು ಕಳಿಸಿದ. ಅವನು ಗಂಟಲು ಹರಿಯುವಂತೆ ಕೂಗಿದ. “ನೀರು ಬರ್ತೈತಿ, ದಾಟಿ ಬರ್ರಿ. ದೊರೆ ನಿಮ್ಮನ್ನ ಕ್ಷಮಿಸ್ಯಾರ.”

ಭರಮವ್ವ ಪೊದೆಯ ಮರೆಯಲ್ಲಿ ಕೂತು ಕೇಳಿದಳು. “ಹೊರಗ ಬರಸಾಕ ಮಾಡಿದ ಉಪಾಯ ಇದು” ಎಂದಳು. ಯಾರೂ ಕದಲಲಿಲ್ಲ.

ದೊರೆ ಹರಿಗೋಲು ಕೊಟ್ಟು, ತನ್ನ ಆಡಳಿತ ನೋಡುವ ಕಾರಭಾರಿಯನ್ನು ಕಳಿಸಿದ. ನಡುಗಡ್ಡೆಯವರು ಕಲ್ಲು ಬೀಸಿದರು. ಕಾರಭಾರಿಯ ಹಣೆ ಒಡೆಯಿತು. ಹರಿಗೋಲಿನ ಚರ್ಮ ಹರಿದು ಅದು ನೀರು ಕುಡಿಯಿತು. ಹುಟ್ಟು ಹಾಕುವವರು ಅವನನ್ನು ಹೇಗೋ ದಡಕ್ಕೆ ಎಳೆದುಕೊಂಡು ಹೋದರು.

“ಕತ್ತಿ ಹಿಡದ ಮಂದೀನ ಕಳಿಸ್ರಿ. ಕಟ್ಟಿ ತರತಾರ” ಎಂದು ಕಾರಭಾರಿ ಹೇಳಿದನಂತೆ.

“ಕತ್ತಿ ಕಂಡ್ರ ಅವರು ಮಕ್ಕಳ ಸಮೇತ ಹೊಳಿಗೆ ಹಾರತಾರ” ಎಂದನಂತೆ ದೊರೆ. ಮುಂಡಾಸು ಬಿಚ್ಚಿ ಪಕ್ಕಕ್ಕಿಟ್ಟನಂತೆ. ಇದೆಲ್ಲ ಭರಮವ್ವನಿಗೆ ಗೊತ್ತಾದದ್ದು ಆಮೇಲೆ, ಊರವರ ಬಾಯಿಂದ.

ಆಗ ಅವಳು ಕಂಡದ್ದು ಇಷ್ಟೇ. ಒಬ್ಬ ಮನುಷ್ಯ ಒಣಗಿದ ಸೋರೆಬುರುಡೆಗಳನ್ನು ಎದೆಗೆ ಕಟ್ಟಿಕೊಂಡು ಈಜಿ ಬಂದ. ಸೊಂಟಕ್ಕೊಂದು ಹಗ್ಗ, ಅದರ ಇನ್ನೊಂದು ತುದಿ ದಡದ ಹುಣಸೆಮರದಲ್ಲಿ. ಮೈಮೇಲೆ ಒಂದು ಪಂಚೆಯ ತುಂಡು ಬಿಟ್ಟರೆ ಏನಿಲ್ಲ. ಕಲ್ಲಿಗೆ ತಾಗಿ ಮೊಣಕಾಲು ತರಚಿತ್ತು. ದಡಕ್ಕೆ ಬಂದವನು ಚಳಿಗೆ ಹಲ್ಲು ಕಡಿಯುತ್ತ ಕೂತ. ಒಬ್ಬನೇ, ಬರಿಗೈಯವನು. ಅವನ ಮೇಲೆ ಕಲ್ಲೆತ್ತಲು ಯಾರಿಗೂ ಮನಸ್ಸು ಬರಲಿಲ್ಲ.

“ಯಾರಪಾ ನೀನು? ನೀನೂ ಊರು ಬಿಟ್ಟು ಓಡಿ ಬಂದಿಯೇನು?” ಎಂದು ಭರಮವ್ವ ಕೇಳಿದಳು.

“ಓಡಿ ಬಂದಿಲ್ಲ. ನಿಮ್ಮನ್ನ ಕರಕೊಂಡು ಹೋಗಾಕ ಬಂದೀನಿ. ಮೊದಲ ಕುಡಿಯಾಕ ಏನಾರ ಕೊಡವ್ವ, ಭಾಳ ಚಳಿ.”

ಅವಳು ರಾತ್ರಿ ಗೆಡ್ಡೆ ಬೇಯಿಸಿ ಕೆಂಡದ ಮೇಲಿಟ್ಟಿದ್ದ ಬಿಸಿನೀರು ಕೊಟ್ಟಳು. ಅವನು ಕುಡಿದ. ಅವರು ತಿನ್ನುವ ಕಹಿಗೆಡ್ಡೆಯನ್ನೂ ತಿಂದ, ಮುಖ ಸಿಂಡರಿಸಲಿಲ್ಲ. ಒಂದು ಮಗು ಬಂದು ಅವನ ಬುರುಡೆಗಳನ್ನು ಮುಟ್ಟಿ ನೋಡಿತು. ಅವನು ಒಂದನ್ನು ಬಿಚ್ಚಿ ಅದರ ಕೈಗೆ ಕೊಟ್ಟ.

ಅಷ್ಟರಲ್ಲಿ ಗುತ್ತೆಪ್ಪ ಹತ್ತಿರ ಬಂದು ಅವನ ಮುಖ ನೋಡಿದ. ಗುತ್ತೆಪ್ಪ ಹಿಂದೆ ದೊರೆಯ ಲಾಯದಲ್ಲಿ ಕುದುರೆ ತಿಕ್ಕಿದವನು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಕ್ಕಾ, ಇಂವಾ ದೊರೆ!”

ಮಗುವನ್ನು ಅದರ ತಾಯಿ ಸರಕ್ಕನೆ ಎಳೆದುಕೊಂಡಳು. ಭರಮವ್ವ ಅವನ ಎದುರು ಬಂದು ನಿಂತಳು. “ಖರೇ ಏನು?” ಎಂದಳು.

“ಖರೇ” ಎಂದ ಅವನು. “ಭರಮವ್ವ, ಕೆರಿ ಏರಿ ಒಡೀತೈತಿ. ಹೊತ್ತಿಲ್ಲ. ಈ ನೀರಿನ ತೆಳಗ ಬಂಡೆಸಾಲು ಐತಿ, ಎದಿಮಟ ನೀರಾಗ ದಾಟಬಹುದು. ಹಗ್ಗ ಹಿಡಕೊಂಡು ಬರ್ರಿ.”

ತನ್ನ ಹೆಸರು ಅವನ ಬಾಯಲ್ಲಿ ಕೇಳಿ ಅವಳ ಭಯ ಇಮ್ಮಡಿಯಾಯಿತು. ಹೆಸರು ಗೊತ್ತಿದೆ ಅಂದರೆ ಎಲ್ಲವೂ ಗೊತ್ತಿದೆ. ದಡದಲ್ಲಿ ಅವನ ಮಂದಿ ಕಾದಿದ್ದಾರೆ. ಅಲ್ಲಿ ಹೋದರೆ ಕೊರಳಿಗೆ ಉರುಳು.

“ಕಟ್ಟು ಇವನ್ನ” ಎಂದಳು ತಮ್ಮನಿಗೆ.

ಅವನು ತಂದ ಹಗ್ಗದ ಉಳಿದ ತುದಿಯಿಂದಲೇ ಅವನನ್ನು ನೀರಂಚಿನ ಜಾಲಿಗಿಡಕ್ಕೆ ಕಟ್ಟಿದರು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಭರಮವ್ವ ಎದುರು ನಿಂತು ಹೇಳಿದಳು. “ನೀರು ಬರೂದು ಖರೇ ಆದ್ರ ಮೊದಲ ನಿನಗ ಬರಲಿ.”

“ಆಗಲಿ” ಎಂದ ದೊರೆ.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಬಣ್ಣ ಬದಲಾಯಿತು. ಕೆಂಪು ನೀರು, ಅದರ ಮೇಲೆ ನೊರೆ, ಬೇರು ಸಮೇತ ಬರುವ ಗಿಡಗಳು. ನೀರು ದೊರೆಯ ಪಾದ ಮುಟ್ಟಿತು, ಮೀನಖಂಡಕ್ಕೆ ಬಂತು, ಮೊಣಕಾಲು ಮುಳುಗಿಸಿತು. ಅವನು ಬಿಚ್ಚಿರೆಂದು ಕೇಳಲಿಲ್ಲ. ದಡದ ಮಂದಿಯನ್ನು ಕೂಗಲಿಲ್ಲ. ಒಂದೇ ಮಾತು ಹೇಳುತ್ತಿದ್ದ: “ಭರಮವ್ವ, ಮಕ್ಕಳನ್ನ ಬೆನ್ನಿಗೆ ಕಟ್ಟಿಕೊಳ್ರಿ.”

ಭರಮವ್ವ ಅವನನ್ನೇ ನೋಡುತ್ತ ನಿಂತಿದ್ದಳು. ಮೋಸ ಮಾಡಲು ಬಂದವನು ಇಷ್ಟು ಹೊತ್ತಿಗೆ ಕಿರುಚಬೇಕಿತ್ತು. ಮೋಸದ ಮಾತಾಗಿದ್ದರೆ ಆ ಮಾತಿನಲ್ಲಿ ಅವನು ತಾನೇ ಮುಳುಗುತ್ತಿರಲಿಲ್ಲ. ಈ ಮನುಷ್ಯ ತಮ್ಮನ್ನು ಹಿಡಿಯಲು ಬಂದವನಲ್ಲ. ಇಷ್ಟು ವರ್ಷ ತಾನು ಹೆದರಿದ್ದು ಬೇರೆ ಯಾರಿಗೋ, ಇಲ್ಲದ ಒಬ್ಬನಿಗೆ ಎಂದು ಅವಳಿಗೆ ಅನ್ನಿಸಿತು.

ಅವಳು ಸೊಂಟದವರೆಗೆ ಏರಿದ್ದ ನೀರಿಗೆ ಇಳಿದು ಗಂಟು ಬಿಚ್ಚಿದಳು.

“ಯಪ್ಪಾ, ನೀವ್ಯಾಕ ಬಂದ್ರಿ? ಯಾರನ್ನಾರ ಕಳಿಸಬೇಕಿತ್ತು.”

“ಕಳಿಸಿದ್ದೆ” ಎಂದ ಅವನು.



ಜಾಲಿಗಿಡದ ಬುಡ ಆಗಲೇ ಸಡಿಲವಾಗಿತ್ತು. ಅದಕ್ಕೆ ಹಗ್ಗ ಕಟ್ಟಿದರೆ ನಿಲ್ಲುವಂತಿರಲಿಲ್ಲ. ಗುತ್ತೆಪ್ಪ “ನಾ ಹಿಡೀತೀನಿ” ಎಂದು ಮುಂದೆ ಬಂದ. ಎರಡು ಸಲ ಎಳೆಯುವುದರಲ್ಲಿ ಅವನ ತೋಳು ಸೋತವು. ಜ್ವರ ತಿಂದ ಮೈ. ಅಲ್ಲಿದ್ದ ಎಲ್ಲರದೂ ಅಂಥದೇ ಮೈ. ಊರಿನ ದಡದಲ್ಲಿ ಬಲವಿದ್ದವರಿದ್ದರು. ಆದರೆ ಹಗ್ಗದ ಈ ತುದಿ ಹಿಡಿಯಬೇಕಾದವನು ಈ ದಡದಲ್ಲೇ ನಿಲ್ಲಬೇಕು.

ದೊರೆ ಹಗ್ಗವನ್ನು ತನ್ನ ನಡುವಿಗೂ ಹೆಗಲಿಗೂ ಸುತ್ತಿಕೊಂಡ. ಎರಡು ಬಂಡೆಗಳ ಸಂದಿಯಲ್ಲಿ ಕಾಲೂರಿ ಹಿಂದಕ್ಕೆ ವಾಲಿದ. “ಒಬ್ಬೊಬ್ಬರಾಗಿ ಹೋಗ್ರಿ” ಎಂದ.

ಮೊದಲು ಮಕ್ಕಳನ್ನು ಹೊತ್ತ ತಾಯಂದಿರು, ಆಮೇಲೆ ಮುದುಕರು, ಆಮೇಲೆ ಗುತ್ತೆಪ್ಪ ಮತ್ತು ಉಳಿದವರು ದಾಟಿದರು. ಪ್ರತಿಯೊಬ್ಬರ ಭಾರಕ್ಕೂ ಹಗ್ಗ ಅವನ ಹೆಗಲ ಚರ್ಮ ಸುಲಿಯುತ್ತಿತ್ತು. ಪ್ರವಾಹದಲ್ಲಿ ಬಂದ ಮರದ ತುಂಡೊಂದು ಪಕ್ಕೆಗೆ ಬಡಿದಾಗ ಅವನು ಒಮ್ಮೆ ಬಾಗಿದ. ಹಗ್ಗ ಸಡಿಲವಾಗಲಿಲ್ಲ.

ಕೊನೆಗೆ ಉಳಿದವಳು ಭರಮವ್ವ. ನೀರು ಅವನ ಕೊರಳಿಗೆ ಬಂದಿತ್ತು.

“ನೀವು?” ಎಂದಳು.

“ಮೊದಲ ನೀ ದಾಟು.”

ತಾನು ದಾಟಿದ ಮೇಲೆ ಇವನಿಗಾಗಿ ಈ ತುದಿ ಹಿಡಿಯುವವರು ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವಳು ನಿಂತೇ ಇದ್ದಳು. ಅವನು ಮತ್ತೆ ಹೇಳಿದ, ಈ ಸಲ ಮೆಲ್ಲಗೆ. “ನೀ ಇಲ್ಲೇ ನಿಂತ್ರ ನಾ ಬಂದದ್ದು ಯಾತಕ್ಕವ್ವ?”

ಅವಳು ಹಗ್ಗ ಹಿಡಿದು ದಾಟಿದಳು. ಹುಣಸೆಮರದ ಬುಡ ಮುಟ್ಟಿ ತಿರುಗಿ ನೋಡಿದರೆ ನಡುಗಡ್ಡೆ ಇರಲಿಲ್ಲ. ಕೆಂಪು ನೀರು ಒಂದೇ ಸಮನೆ ಹರಿಯುತ್ತಿತ್ತು.

“ಎಳೀರಿ” ಎಂದು ಅವಳು ಹಗ್ಗಕ್ಕೆ ಕೈ ಹಾಕಿದಳು. ಊರವರೂ ನಡುಗಡ್ಡೆಯವರೂ ಕೂಡಿ ಎಳೆದರು. ಹಗ್ಗದ ತುದಿಯಲ್ಲಿ ದೊರೆ ಬಂದ. ಕಲ್ಲಿಗೆ ಬಡಿದು ಮೈಯೆಲ್ಲ ಗಾಯ. ಉಸಿರಿರಲಿಲ್ಲ. ದಡದ ಹುಲ್ಲಿನ ಮೇಲೆ ಮಲಗಿಸಿದರು. ಕಾರಭಾರಿ ಬೆನ್ನು ಅದುಮಿದ, ನೀರು ಬಂತು, ಉಸಿರು ಬರಲಿಲ್ಲ. ಹೆಂಗಸರು ಅಳಲು ಶುರುಮಾಡಿದರು. ಭರಮವ್ವ ಅಳಲಿಲ್ಲ. ಅವನ ಪಾದ ಹಿಡಿದುಕೊಂಡು ತಿಕ್ಕುತ್ತ ಕೂತಳು. ಇನ್ನು ಸಾಕು ಬಿಡವ್ವ ಎಂದು ಯಾರೋ ಹೇಳಿದರೂ ಬಿಡಲಿಲ್ಲ.

ಎಲ್ಲರೂ ಕೈಬಿಟ್ಟ ಮೇಲೆ ಆ ಪಾದ ಒಮ್ಮೆ ಅದುರಿತು. ದೊರೆ ಕೆಮ್ಮಿದ. ಉಸಿರೆಳೆದುಕೊಂಡ.

ಜನರೆಲ್ಲ ಮುಂದೆ ನುಗ್ಗಿದರು. ಭರಮವ್ವ ಹಿಂದೆ ಸರಿದಳು. ಕಾರಭಾರಿ ಅವಳ ರಟ್ಟೆ ಹಿಡಿದ. ಅವನ ಹಣೆಯ ಗಾಯ ಇನ್ನೂ ಒಸರುತ್ತಿತ್ತು. “ಕಣಜಕ್ಕ ಬೆಂಕಿ ಹಚ್ಚಿದಾಕಿ ಈಕೀನ” ಎಂದ.

“ಹೌದು, ನಾನ ಹಚ್ಚಿದಾಕಿ” ಎಂದಳು ಭರಮವ್ವ. “ದೊರೆಯನ್ನ ಗಿಡಕ್ಕ ಕಟ್ಟಿಸಿದಾಕೀನೂ ನಾನ.” ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ದೊರೆ ಮೊಣಕೈ ಊರಿ ಎದ್ದ. “ಕಣಜ ಸುಟ್ಟ ದಿನಾನ ನನಗದು ಗೊತ್ತಿತ್ತು” ಎಂದ. “ಆ ವರ್ಷ ನನ್ನ ಮನಿ ಎತ್ತು, ಬಂಗಾರ ಎಲ್ಲಾ ಮಾರಿ ಊರಿಗೆ ಬೀಜ ತರಿಸಿದೆ. ಆ ಮಾತು ಅವತ್ತ ಮುಗಿದೈತಿ.”

“ಗೊತ್ತಿದ್ದೂ ಈಜಿ ಬಂದ್ರಾ?” ಎಂದಳು ಅವಳು.

“ಗೊತ್ತಿದ್ದದ್ದಕ್ಕ ಬಂದೆ. ನೀ ಹೆದರೀದಿ ಅಂತ ಗೊತ್ತಿತ್ತು.” ಆಮೇಲೆ ಕಾರಭಾರಿಯ ಕಡೆ ತಿರುಗಿದ. “ಕೈ ಬಿಡಪಾ. ಆಕಿ ನನ್ನ ಜೋಡಿ ಬಂದಾಳ. ನನ್ನ ಜೋಡೀನ ಊರಾಗ ಬರ್ತಾಳ.”

ಕಾರಭಾರಿ ಕೈ ಬಿಟ್ಟ. ದೊರೆಗೆ ನಡೆಯಲು ಆಗುತ್ತಿರಲಿಲ್ಲ. ಅವನ ಒಂದು ಕೈ ಕಾರಭಾರಿಯ ಹೆಗಲ ಮೇಲೆ, ಇನ್ನೊಂದು ಭರಮವ್ವನ ಹೆಗಲ ಮೇಲೆ. ಹಾಗೆಯೇ ಮೂವರೂ ಊರ ಅಗಸೆಬಾಗಿಲು ದಾಟಿದರು.

ನೀತಿ: ತಪ್ಪು ಮಾಡಿ ಹೆದರಿ ಓಡಿದವನಿಗೆ, ದೂರದಿಂದ ಕೂಗಿ ಹೇಳಿದ ಕ್ಷಮೆಯೂ ಬೆದರಿಕೆಯಾಗಿಯೇ ಕೇಳಿಸುತ್ತದೆ. ಅವನನ್ನು ಉಳಿಸಬೇಕಾದರೆ ಆಚೆ ದಡದ ಬಲವುಳ್ಳವನೇ ಈಚೆ ದಡಕ್ಕೆ ಬಂದು, ಅವನ ನೀರಿನಲ್ಲೇ ನಿಲ್ಲಬೇಕು. ದೇವರು ಯೇಸುವಿನಲ್ಲಿ ಮನುಷ್ಯನಾಗಿ ಹುಟ್ಟಿದ್ದು ಇದಕ್ಕಾಗಿಯೇ ಎಂದು ಕ್ರೈಸ್ತರು ನಂಬುತ್ತಾರೆ. ಕಥೆಯ ದೊರೆ ಸಾವಿನ ಹೊಸ್ತಿಲಿನಿಂದ ಹಿಂದಿರುಗಿದ. ಯೇಸು ಹೊಸ್ತಿಲು ದಾಟಿ ಸಾವಿನೊಳಗೇ ಹೋಗಿ, ಅದನ್ನು ಗೆದ್ದು ಎದ್ದು ಬಂದನೆಂಬುದು ಅವರ ವಿಶ್ವಾಸ. ನಮ್ಮ ಪಾಲಿಗೆ ಉಳಿದ ಕೆಲಸ ದೊಡ್ಡದೇನಲ್ಲ: ಹೆದರಿಕೆ ಬಿಟ್ಟು, ಆತ ಹಿಡಿದಿರುವ ಹಗ್ಗಕ್ಕೆ ಕೈ ಹಾಕುವುದು.