ಒಂದು ಕಾಲಿನ ಗೆಜ್ಜೆ

"ಗುರುಗಳೇ, ಹಾಡನ್ನು ಕದಿಯುವುದಕ್ಕೆ ಆಗುತ್ತದೆಯೇ?" ಎಂದು ಶಿಷ್ಯ ಕೇಳಿದ. "ಆಕಳನ್ನು ಹೊಡೆದುಕೊಂಡು ಹೋದರೆ ಕೊಟ್ಟಿಗೆ ಬರಿದಾಗುತ್ತದೆ. ಹಾಡನ್ನು ತೆಗೆದುಕೊಂಡರೆ ಕಟ್ಟಿದವನ ಬಾಯಲ್ಲಿ ಅದು ಹಾಗೇ ಇರುತ್ತದಲ್ಲ."

ಕುರಿಗಾಹಿಯೊಬ್ಬ ಕಟ್ಟಿದ ಪದವನ್ನು ಮರುದಿನ ಸಭೆಯಲ್ಲಿ ಹಾಡಲು ಶಿಷ್ಯ ತಂಬೂರಿ ಶ್ರುತಿ ಮಾಡುತ್ತ ಕೂತಿದ್ದ. ಪದದ ಕೊನೆಯಲ್ಲಿದ್ದ ಕುರಿಗಾಹಿಯ ಅಂಕಿತ ತೆಗೆದು ತನ್ನದನ್ನು ಇಟ್ಟುಕೊಂಡಿದ್ದ. ಗುರುವಿಗೆ ಅದು ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಮಗಳನ್ನು ತೊಟ್ಟಿಲಲ್ಲಿ ತೂಗುತ್ತ ಒಂದು ಪದ ಕಟ್ಟಿದಳು. ಮಗುವಿನ ಒಂದು ಕಾಲಿನ ಗೆಜ್ಜೆ ಹೊಳೆಯಲ್ಲಿ ಹೋಗಿತ್ತು, ಇನ್ನೊಂದು ಮಾಡಿಸುವ ಶಕ್ತಿ ಇರಲಿಲ್ಲ. ಪದದಲ್ಲೂ ಮಗು ಒಂದೇ ಕಾಲಿನ ಗೆಜ್ಜೆ ಕುಣಿಸುತ್ತ ಬರುತ್ತದೆ. ಕೊನೆಯ ಸಾಲಿನಲ್ಲಿ ತನ್ನೂರಿನ ಕೆರೆಯೇರಿಯ ಗುಡಿಯ ತಾಯಿಯ ಹೆಸರಿಟ್ಟಳು. ಅದೇ ಅವಳ ಅಂಕಿತ.

ದಾರಿಯಲ್ಲಿ ಹೋಗುತ್ತಿದ್ದ ಹಾಡುಗಾರನೊಬ್ಬ ನೀರು ಕೇಳಲು ನಿಂತ. ಪದ ಕಿವಿಗೆ ಬಿತ್ತು. ನೀರು ಕುಡಿದು, "ಇನ್ನೊಂದು ಸಲ ಹಾಡಿ ಅಕ್ಕ" ಎಂದ. ಅವಳು ಖುಷಿಯಿಂದ ಹಾಡಿದಳು. ಅವನು ಹೊಳೆ ದಾಟುವಷ್ಟರಲ್ಲಿ ಕೊನೆಯ ಸಾಲಿನಲ್ಲಿ ಅವನ ಅಂಕಿತ ಬಂದು ಕೂತಿತ್ತು.

ಪದ ಊರೂರು ತಿರುಗಿತು. ಒಂಟಿ ಗೆಜ್ಜೆಯ ಮಗು ಸಾಕ್ಷಾತ್ ಗೌರಿಯೇ ಎಂದು ಬಲ್ಲವರು ಅರ್ಥ ಹೇಳಿದರು. ಹಾಡುಗಾರ ಅಲ್ಲ ಅನ್ನಲಿಲ್ಲ.

ಮಗಳು ದೊಡ್ಡವಳಾದಳು, ಮದುವೆ ಬಂತು. ಗಂಡಿನ ಕಡೆಯವರು ತಮ್ಮ ಹೆಮ್ಮೆಗೆ ಆ ಹಾಡುಗಾರನನ್ನೇ ಕರೆತಂದು ಚಪ್ಪರದಲ್ಲಿ ಕೂರಿಸಿದ್ದರು. ಹಸೆಮಣೆಯ ಮೇಲೆ ಕೂತ ಮಗಳಿಗೆ ತಾಯಿ ಅವಳ ತೊಟ್ಟಿಲ ಪದವನ್ನು ಹಾಡಿದಳು. ಕೊನೆಗೆ ಕೆರೆಯೇರಿಯ ತಾಯಿಯ ಹೆಸರು ಬಂದಾಗ ಗಂಡಿನ ಸೋದರತ್ತೆ ಕೈ ಅಡ್ಡ ಹಿಡಿದಳು.

"ಬೀಗಿತ್ತಿಯವರೇ, ಪದ ಕಟ್ಟಿದವರು ಇಲ್ಲೇ ಕೂತಿದ್ದಾರೆ. ಅವರ ಎದುರಿಗೇ ಅವರ ಅಂಕಿತ ನುಂಗ್ತೀರಲ್ಲ, ಗಂಟಲಿಗೆ ಸಿಕ್ಕೋದಿಲ್ಲವಾ? ಇಂಥ ಮನೆಯಿಂದ ಹೆಣ್ಣು ತರ್ತಿದ್ದೀವಾ ನಾವು?"

ಹೆಂಗಸರು ನಕ್ಕರು. ತಾಯಿ ಹಾಡುಗಾರನ ಮುಖ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ತಂಬೂರಿಯ ಬಿರಡೆ ತಿರುಗಿಸುತ್ತಿದ್ದ. ಮಗಳು ತಲೆ ತಗ್ಗಿಸಿದ್ದಳು. ತಾಯಿ ಕೊನೆಯ ಸಾಲನ್ನು ಮತ್ತೆ ಹಾಡಿದಳು, ಅವನ ಅಂಕಿತ ಇಟ್ಟು. ಮದುವೆ ನಡೆಯಿತು.

ಮುಂದೆ ಹಾಡುಗಾರನ ಹಳೆಯ ಪದಗಳು ಕೇಳುವವರಿಗೆ ಸಾಕಾದವು. ಹೊಸದೇನಾದರೂ ಸಿಕ್ಕೀತೆಂದು ಅವನು ಮತ್ತೆ ಆ ಮನೆಯ ಬಾಗಿಲಿಗೆ ಬಂದ. ಬಾಣಂತನಕ್ಕೆ ಬಂದ ಮಗಳ ಕೂಸು ತೊಟ್ಟಿಲಲ್ಲಿತ್ತು. ಅಜ್ಜಿ ತೂಗುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು ಕಾದ. ತೊಟ್ಟಿಲ ಹಗ್ಗದ ಕಿರುಗುಟ್ಟುವ ಸದ್ದು ಬಿಟ್ಟರೆ ಮತ್ತೇನೂ ಕೇಳಲಿಲ್ಲ.

"ಅಕ್ಕ, ಕೂಸಿಗೆ ಒಂದು ಪದ ಹೇಳೋದಿಲ್ಲವೇ?" ಎಂದ.

"ಬರೀ ತಟ್ಟಿದರೂ ಮಲಗುತ್ತೆ ಅಣ್ಣ," ಎಂದಳು. "ನೀರು ಬೇಕಿತ್ತಾ?"

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ಕೇಳಿದ, "ಅವಳು ಆ ಪದವನ್ನು ಮರೆತುಬಿಟ್ಟಿದ್ದಳೇ?"

"ಇಲ್ಲ, ಒಂದು ಮಾತೂ ಮರೆತಿರಲಿಲ್ಲ, ಬಾಯಿಗೆ ಮಾತ್ರ ತರಲಿಲ್ಲ, ನಿನ್ನ ಕುರಿಗಾಹಿಯೂ ಮರೆಯುವುದಿಲ್ಲ, ಹೋಗಿ ಹಾಡು."