ಹಚ್ಚದ ಒಲೆ

“ಗುರುಗಳೇ, ಒಬ್ಬ ಕಾಣೆಯಾದನೆಂದು ಊರಿಗೆ ಊರೇ ಕೆಲಸ ಬಿಟ್ಟು ಕೂತು ಮರುಗುತ್ತದೆ. ಇದಕ್ಕಿಂತ ದೊಡ್ಡ ಕರುಣೆ ಉಂಟೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಚಚ್ಚಿಕೊಂಡರು. “ಕೂತು ಮರುಗುವವರ ಕತೆ ಒಂದಿದೆ, ಕೇಳು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

“ಬೆಟ್ಟದ ಮೇಲೆ ಒಂಬತ್ತು ಮನೆಗಳ ಊರು. ಅಲ್ಲಿ ಜೇನು ಕೀಳುವವನೊಬ್ಬ ಕಾಡಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಹೆಂಡತಿ, ಹಸಿ ಬಾಣಂತಿ. ಗಂಡಸರು ಎರಡು ದಿನ ಕಾಡೆಲ್ಲ ಹುಡುಕಿದರು. ಅಷ್ಟು ಮಾಡಿದರು, ಇಲ್ಲವೆನ್ನುವುದಿಲ್ಲ. ಮೂರನೆಯ ದಿನ ಕಟ್ಟೆಯ ಮೇಲೆ ಕೂತರು ನೋಡು, ಅಲ್ಲಿಗೆ ಮುಗಿಯಿತು.

“ಆ ಊರಲ್ಲಿ ಒಂದು ಪದ್ಧತಿ. ಸಾವಾದ ಮನೆಯಲ್ಲಿ ಹನ್ನೊಂದು ದಿನ ಒಲೆ ಹಚ್ಚುವಂತಿಲ್ಲ. ನೆರೆಯವರೇ ಬುತ್ತಿ ತಂದು ಕೊಡಬೇಕು. ‘ಅವನು ಬಂಡೆಯಿಂದ ಬಿದ್ದು ಸತ್ತಿದ್ದಾನೆ, ಅವಳು ಒಲೆ ಹಚ್ಚಕೂಡದು’ ಎಂದರು ಅರ್ಧ ಜನ. ‘ಅವನು ಬದುಕಿದ್ದಾನೆ, ಬದುಕಿರುವವನ ಮನೆಗೆ ಸಾವಿನ ಬುತ್ತಿ ಹೊರುವುದು ಅಪಶಕುನ’ ಎಂದರು ಉಳಿದ ಅರ್ಧ. ಎರಡು ಕಡೆಯವರ ಮಾತೂ ನಡೆಯಿತು. ಅವಳು ಒಲೆ ಹಚ್ಚಲಿಲ್ಲ, ಇವರು ಬುತ್ತಿ ಒಯ್ಯಲಿಲ್ಲ. ಎಂಥ ಜನವಯ್ಯಾ, ತಲೆಯಲ್ಲಿ ಮಣ್ಣು ತುಂಬಿಕೊಂಡವರು.

“ಒಂದು ದಿನ ಅವಳು ಕೂಸನ್ನೆತ್ತಿಕೊಂಡು ಕಟ್ಟೆಗೇ ಬಂದಳು. ‘ಅಪ್ಪಾ, ಎದೆಹಾಲು ಬತ್ತುತ್ತಿದೆ. ಒಲೆ ಹಚ್ಚಲೋ ಬೇಡವೋ, ಒಂದು ಮಾತು ಹೇಳಿಬಿಡಿ’ ಎಂದಳು.

“ಊರ ಹಿರಿಯ ಕಣ್ಣೊರೆಸಿಕೊಂಡ. ‘ಸ್ವಲ್ಪ ತಾಳು ತಾಯಿ, ಅದನ್ನೇ ಮಾತಾಡುತ್ತಿದ್ದೇವೆ’ ಎಂದ. ಅವನ ಅಳು ಸುಳ್ಳಲ್ಲ, ನಿಜವಾದದ್ದೇ. ಅಳುತ್ತಲೇ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು, ಮತ್ತೆ ಬಂದು ವಾದಕ್ಕೆ ಕೂತ.

“ಹತ್ತನೆಯ ದಿನ ಅಂತೂ ಇಂತೂ ಎಲ್ಲರೂ ಒಪ್ಪಿ, ಬುತ್ತಿ ಒಯ್ಯಬಹುದು ಎಂದು ತೀರ್ಮಾನವಾಯಿತು. ಒಯ್ದು ನೋಡಿದರೆ ಮನೆ ಖಾಲಿ. ತಾಯಿಯೂ ಇಲ್ಲ, ಕೂಸೂ ಇಲ್ಲ. ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ಬಂದು, ಅದೇ ಕಟ್ಟೆಯ ಮೇಲೆ ಕೂತು, ಅವಳು ಎಲ್ಲಿಗೆ ಹೋಗಿರಬಹುದೆಂದು ಹೊಸ ವಾದ ಶುರುಮಾಡಿದರು.”

ಶಿಷ್ಯನ ಕಣ್ಣಲ್ಲಿ ನೀರು ತುಂಬಿತ್ತು. “ಅಯ್ಯೋ ಪಾಪ. ಆಕೆ ಎಲ್ಲಿಗೆ ಹೋದಳು, ಗುರುಗಳೇ?”

“ಅಷ್ಟು ದಿನ ಅವಳು ಏನು ತಿಂದಳು ಎಂದು ಕೇಳಬೇಕೆಂದು ನಿನಗೂ ಅನಿಸಲಿಲ್ಲವಲ್ಲ” ಎಂದರು ಗುರುಗಳು.